ಹಳೆಯ ಕಾರಿಗೆ ಹೊಸ ಜೀವ: ಕೊನೆಯ ಕೆಲಸಗಳು ಮತ್ತು ಮೊದಲ ದೂರಪ್ರಯಾಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಮಾತು ಹುಟ್ಟಿದ ಕಾಲದಲ್ಲಿ ಹಳೆಯ ಕಾರುಗಳು ಇರಲಿಲ್ಲ. ಇದ್ದಿದ್ದರೆ 'ಹಳೆಯ ಕಾರು ಎಬ್ಬಿಸಿ ನೋಡು' ಎಂಬ ಮೂರನೆಯ ಮಾತನ್ನೂ ಖಂಡಿತ ಸೇರಿಸುತ್ತಿದ್ದರು. ಮನೆ ಮುಗಿದದ್ದು ಗೃಹಪ್ರವೇಶದಿಂದ ಗೊತ್ತಾಗುತ್ತದೆ, ಮದುವೆ ಮುಗಿದದ್ದು ಬೀಗರು ಊಟ ಮಾಡಿ ಹೊರಟಾಗ ಗೊತ್ತಾಗುತ್ತದೆ. ಆದರೆ ಹಳೆಯ ಕಾರಿನ ಕೆಲಸ ಮುಗಿಯಿತು ಎನ್ನುವುದು ಯಾವಾಗ? ಹೊಸ ಬಣ್ಣ ಹೊಳೆದಾಗಲೇ? ಎಂಜಿನ್ ಗುಡುಗುಟ್ಟಿದಾಗಲೇ? ನಂಬರ್ ಪ್ಲೇಟ್ ಕೈಗೆ ಬಂದಾಗಲೇ?

ಇವು ಯಾವುವೂ ಅಲ್ಲ ಎಂಬುದು ನಮ್ಮ ಅನುಭವ. ಮೊದಲ ದೂರಪ್ರಯಾಣ ಹೋಗಿ, ತನ್ನ ಚಕ್ರಗಳ ಮೇಲೆಯೇ ಮನೆಗೆ ಬಂದಾಗ ಮಾತ್ರ ಕಾರು ಮರಳಿ ಬಂತು ಎನ್ನಬಹುದು. ದೂರಪ್ರಯಾಣವೆಂದರೆ ಕೆಲಸ ಮುಗಿದ ಮೇಲೆ ಮಾಡುವ ಸಂಭ್ರಮವಲ್ಲ; ಅದು ಕೆಲಸದ ಕೊನೆಯ ಪಾಠ. ಇದು ಏಕೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ನಮ್ಮ ಬೀಟಲ್

ನಾವು ಎಂದರೆ ಜರ್ಮನಿಯ ಹೈಡೆಲ್‌ಬರ್ಗ್ ಸುತ್ತಮುತ್ತ ನೆಲೆಸಿರುವ ಮೂರು ಕನ್ನಡ ಕುಟುಂಬಗಳು. ವಾರಾಂತ್ಯದಲ್ಲಿ ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು, ಅವರ ಪಾಠ ಮುಗಿಯುವವರೆಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಈ ಕೆಲಸ ನಮ್ಮನ್ನು ಹುಡುಕಿಕೊಂಡು ಬಂತು. ನಮ್ಮಲ್ಲೊಬ್ಬರ ನೆರೆಮನೆಯ ಅಜ್ಜಿಯ ಗ್ಯಾರೇಜಿನಲ್ಲಿ 1972ರ ಫೋಕ್ಸ್‌ವಾಗನ್ ಬೀಟಲ್ ಒಂದು ಧೂಳು ತಿನ್ನುತ್ತಾ ನಿಂತಿತ್ತು. ಅವರ ಯಜಮಾನರು ಹೊಸದಾಗಿ ಕೊಂಡ ಕಾರು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಅಜ್ಜಿ ಕಡಿಮೆ ಹಣಕ್ಕೆ ಕಾರನ್ನು ನಮಗೆ ಕೊಟ್ಟರು, ಆದರೆ ಒಂದು ಷರತ್ತು ಹಾಕಿದರು: 'ಇದನ್ನು ಮತ್ತೆ ನಿಲ್ಲಿಸಿಡಬಾರದು, ಓಡಿಸಬೇಕು. ಒಂದು ಸಲ ನನ್ನನ್ನೂ ಕೂರಿಸಿಕೊಳ್ಳಬೇಕು.'

1972 ಬೀಟಲ್‌ನ ಚರಿತ್ರೆಯಲ್ಲಿ ದೊಡ್ಡ ವರ್ಷ. ಆ ವರ್ಷ ಫೆಬ್ರವರಿ 17ರಂದು 15,007,034ನೆಯ ಬೀಟಲ್ ತಯಾರಾಗಿ, ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರಿನ ದಾಖಲೆಯನ್ನು ಮುರಿಯಿತು. ಜರ್ಮನಿಯಲ್ಲಿ ಇದರ ಸೆಡಾನ್ ಮಾದರಿಯ ತಯಾರಿಕೆ 1978ರಲ್ಲಿ ನಿಂತಿತು. ಜಗತ್ತಿನ ಕೊನೆಯ ಹಳೆಯ ಮಾದರಿಯ ಬೀಟಲ್ ಮೆಕ್ಸಿಕೋ ದೇಶದ ಪುಯೆಬ್ಲಾ ಕಾರ್ಖಾನೆಯಿಂದ 2003ರ ಜುಲೈ 30ರಂದು ಹೊರಬಂತು. ಒಟ್ಟು ಸಂಖ್ಯೆ 21,529,464. ಇಷ್ಟು ಕಾರುಗಳು ತಯಾರಾಗಿದ್ದರಿಂದಲೇ ಇಂದಿಗೂ ಇದರ ಬಿಡಿಭಾಗಗಳು ಸಿಗುತ್ತವೆ.

ನಮ್ಮ ಕಾರು '1300' ಮಾದರಿ. 1285 ಸಿ.ಸಿ.ಯ, 44 ಅಶ್ವಶಕ್ತಿಯ ಎಂಜಿನ್ ಹಿಂದುಗಡೆ ಇದೆ. ಡಿಕ್ಕಿ ಮುಂದುಗಡೆ ಇದೆ. ರೇಡಿಯೇಟರ್ ಇಲ್ಲವೇ ಇಲ್ಲ, ಏಕೆಂದರೆ ಎಂಜಿನ್ ತಣ್ಣಗಾಗುವುದು ನೀರಿನಿಂದಲ್ಲ, ಗಾಳಿಯಿಂದ. ನಮ್ಮ ಮಕ್ಕಳಲ್ಲೊಬ್ಬಳು ಮೊದಲ ಸಲ ಮುಂದಿನ ಮುಚ್ಚಳ ತೆರೆದು 'ಅಪ್ಪಾ, ಎಂಜಿನ್ ಕಳ್ಳತನ ಆಗಿದೆ!' ಎಂದು ಕೂಗಿದ್ದು ನಮ್ಮ ಗುಂಪಿನಲ್ಲಿ ಇಂದಿಗೂ ನಗೆಯ ವಿಷಯ.

ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯುವುದು, ಎಂಜಿನ್ ಬಿಚ್ಚಿ ಜೋಡಿಸುವುದು, ನೀಲಿ ಬಣ್ಣ ಹೊಡೆಸುವುದು ಇವೆಲ್ಲಕ್ಕೂ ಎರಡು ವರ್ಷ ಹಿಡಿಯಿತು. ಆ ಕಥೆ ಇಲ್ಲಿ ಬೇಡ. ಬಣ್ಣ ಒಣಗಿದ ಮೇಲಿನ ಕಥೆಯನ್ನಷ್ಟೇ ಹೇಳುತ್ತೇವೆ.

ಕಣ್ಣಿಗೆ ಕಾಣುವ ಕೆಲಸ

ಕೊನೆಯ ಕೆಲಸಗಳಲ್ಲಿ ಎರಡು ಬಗೆ. ನೋಡಿದವರು 'ಆಹಾ' ಎನ್ನುವ ಕೆಲಸ ಒಂದು, ಯಾರ ಕಣ್ಣಿಗೂ ಬೀಳದ ಕೆಲಸ ಇನ್ನೊಂದು. ಮೊದಲನೆಯದರಲ್ಲಿ ನಮಗೆ ಅತ್ಯಂತ ಖುಷಿ ಕೊಟ್ಟದ್ದು ಮುಂದಿನ ಗಾಜು ಕೂರಿಸುವ ವಿಧಾನ.

ಬೀಟಲ್‌ನ ಗಾಜನ್ನು ಅಂಟಿನಿಂದ ಅಂಟಿಸುವುದಿಲ್ಲ. ಗಾಜಿನ ಸುತ್ತ ದಪ್ಪ ರಬ್ಬರ್ ಪಟ್ಟಿ ಕೂರಿಸಿ, ಅದರ ಹೊಳೆಯುವ ಅಲಂಕಾರದ ಪಟ್ಟಿಯನ್ನೂ ಮೊದಲೇ ಸೇರಿಸಬೇಕು. ಆಮೇಲೆ ರಬ್ಬರಿನ ಹೊರಗಿನ ಸೀಳಿನೊಳಗೆ ಸುತ್ತಲೂ ಒಂದು ಗಟ್ಟಿ ದಾರ ಹಾಕಬೇಕು. ಸಾಬೂನು ನೀರು ಸವರಿ, ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿಯಬೇಕು. ದಾರದ ಎರಡು ತುದಿಗಳು ಕಾರಿನ ಒಳಗೆ ಇರುತ್ತವೆ. ಹೊರಗೆ ಒಬ್ಬರು ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ ಹೋದಂತೆ, ಒಳಗೆ ಇನ್ನೊಬ್ಬರು ದಾರವನ್ನು ಎಳೆಯುತ್ತಾ ಹೋಗಬೇಕು. ದಾರ ಹೊರಬರುವಾಗ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಡಚಿಕೊಳ್ಳುತ್ತದೆ. ಆತುರಪಟ್ಟರೆ ಗಾಜು ಒಡೆಯುತ್ತದೆ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಬಾಗಿಲುಗಳ ರಬ್ಬರ್, ಮುಂದಿನ ದೀಪದ ಉಂಗುರಗಳು, ಬಂಪರ್, ಪಕ್ಕದ ಹೊಳೆಯುವ ಪಟ್ಟಿಗಳು ಹೀಗೆ ಒಂದೊಂದಾಗಿ ಕೂತವು. ಪಟ್ಟಿಗಳನ್ನು ಹಿಡಿಯುವ ಕ್ಲಿಪ್‌ಗಳು ಹೊಸ ಬಣ್ಣವನ್ನು ಗೀರಿದರೆ ಅಲ್ಲಿಂದಲೇ ಮತ್ತೆ ತುಕ್ಕು ಶುರುವಾಗುತ್ತದೆ. ಆದ್ದರಿಂದ ಪ್ರತಿ ತೂತಿಗೂ ಒಂದು ಚೂರು ಮೇಣ ಸವರಿದೆವು. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅದಕ್ಕೆ ಮೊದಲು ಪಾಲಿಶ್ ಮೇಣ ತಿಕ್ಕಬಾರದು. ಮಕ್ಕಳು ಬಟ್ಟೆ ಹಿಡಿದು ಕಾಯುತ್ತಲೇ ಇದ್ದರು.

ಕಣ್ಣಿಗೆ ಕಾಣದ ಕೆಲಸ

'ಮೇಲೆ ಬಸಪ್ಪ, ಒಳಗೆ ವಿಷಪ್ಪ' ಎಂಬ ಗಾದೆ ಹಳೆಯ ಕಾರುಗಳಿಗೆ ಹೇಳಿ ಮಾಡಿಸಿದಂತಿದೆ. ಹೊಳೆಯುವ ಕಾರು ಸುರಕ್ಷಿತ ಕಾರು ಆಗಿರಬೇಕಿಲ್ಲ. ನಾವು ಮಕ್ಕಳನ್ನೂ ಎಂಬತ್ತು ದಾಟಿದ ಅಜ್ಜಿಯನ್ನೂ ಕೂರಿಸಬೇಕಾಗಿದ್ದ ಕಾರು ಇದು. ಹಾಗಾಗಿ ಐದು ವಿಷಯಗಳಲ್ಲಿ ರಾಜಿ ಇಲ್ಲ ಎಂದು ತೀರ್ಮಾನಿಸಿದೆವು.

ಮೊದಲನೆಯದು ಪೆಟ್ರೋಲ್ ಕೊಳವೆ. ಬೀಟಲ್‌ನಲ್ಲಿ ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ನಡುವೆ ಲೋಹದ ಕೊಳವೆ ಹೋಗುತ್ತದೆ, ತುದಿಗಳಲ್ಲಿ ರಬ್ಬರ್ ಕೊಳವೆಯ ತುಂಡುಗಳಿವೆ. ಈ ರಬ್ಬರ್ ಒಣಗಿ ಬಿರುಕುಬಿಟ್ಟು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ ಬೆಂಕಿಗೆ ಆಹುತಿಯಾದ ಬೀಟಲ್‌ಗಳು ಅನೇಕ. ಇಂದಿನ ಪೆಟ್ರೋಲಿನಲ್ಲಿ ಮದ್ಯಸಾರ ಬೆರೆತಿರುತ್ತದೆ. ಜರ್ಮನಿಯಲ್ಲಿ ಶೇಕಡಾ 10ರವರೆಗೆ ಬೆರೆಸಿದ 'ಇ10' 2011ರಲ್ಲಿ ಬಂತು. ಹಳೆಯ ಕಾಲದ ರಬ್ಬರ್ ಇದಕ್ಕಾಗಿ ತಯಾರಾದದ್ದಲ್ಲ. ಆದ್ದರಿಂದ ಮದ್ಯಸಾರವನ್ನು ತಡೆಯುವ ಹೊಸ ಕೊಳವೆ, ಪ್ರತಿ ತುದಿಗೂ ಬಿಗಿಪಟ್ಟಿ ಹಾಕಿದೆವು. ಕೈಗೆಟುಕುವಂತೆ ಬೆಂಕಿ ಆರಿಸುವ ಸಾಧನವನ್ನೂ ಇಟ್ಟೆವು.

ಎರಡನೆಯದು ಬ್ರೇಕ್. ನಮ್ಮ ಕಾರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಹೊಸ ಬ್ರೇಕ್ ಪಟ್ಟಿಗಳು ಮೊದಲ ದಿನವೇ ಡ್ರಮ್ಮಿನ ಮೈಗೆ ಪೂರ್ತಿ ತಾಗುವುದಿಲ್ಲ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕುವುದು, ತಣ್ಣಗಾಗಲು ಬಿಡುವುದು, ಮತ್ತೆ ಹಾಕುವುದು, ಹೀಗೆ ಹತ್ತಾರು ಸಲ ಮಾಡಿದರೆ ಎರಡೂ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ. ಒಗ್ಗಿದ ಮೇಲೆ ನಡುವಿನ ಅಂತರ ಹೆಚ್ಚಾಗುತ್ತದೆ. ಇಂದಿನ ಕಾರಿನಂತೆ ಇದು ತಾನಾಗಿ ಸರಿಹೋಗುವುದಿಲ್ಲ, ಹಲ್ಲಿನ ಚಕ್ರ ತಿರುಗಿಸಿ ನಾವೇ ಸರಿಪಡಿಸಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವ ಬೇಗ ಕುದಿಯುತ್ತದೆ, ಕುದಿದಾಗ ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಮೂರನೆಯದು ಟೈರ್. ಗೆರೆಗಳು ಆಳವಾಗಿದ್ದರೆ ಸಾಲದು. 2000ದಿಂದ ಈಚಿನ ಟೈರುಗಳ ಮೇಲೆ ನಾಲ್ಕು ಅಂಕಿಗಳ ದಿನಾಂಕ ಇರುತ್ತದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. '1423' ಎಂದರೆ 2023ರ 14ನೆಯ ವಾರ. ಗ್ಯಾರೇಜಿನಲ್ಲಿ ಸಿಕ್ಕ ಟೈರುಗಳು ನೋಡಲು ಹೊಸದರಂತಿದ್ದವು, ಆದರೆ ಅವುಗಳ ಮೇಲೆ ಮೂರೇ ಅಂಕಿ. ಅಂದರೆ ಕಳೆದ ಶತಮಾನದವು! ಅವನ್ನು ಮಕ್ಕಳ ಉಯ್ಯಾಲೆಗೂ ಬಳಸದೆ ಎಸೆದೆವು. ಇನ್ನೊಂದು ವಿಷಯ: ಎಂಜಿನ್ ಭಾರ ಹಿಂದೆ ಇರುವುದರಿಂದ ಹಿಂದಿನ ಟೈರುಗಳಿಗೆ ಮುಂದಿನವಕ್ಕಿಂತ ಹೆಚ್ಚು ಗಾಳಿ ತುಂಬಬೇಕು.

ನಾಲ್ಕನೆಯದು ಹೀಟರ್. ಬೀಟಲ್ ಒಳಗೆ ಬರುವ ಬಿಸಿಗಾಳಿ ಹೊಗೆಕೊಳವೆಯ ಸುತ್ತ ಸುತ್ತಿ ಬರುವ ಗಾಳಿ. ಕೊಳವೆಯಲ್ಲಿ ತೂತಿದ್ದರೆ ಹೊಗೆಯೂ ಒಳಗೆ ಬರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದಂತೆ ಆಗಿ ಪ್ರಾಣವೇ ಹೋಗಬಹುದು. ಆದ್ದರಿಂದ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿ, ಮನೆಯಲ್ಲಿ ಬಳಸುವಂಥ ಪುಟ್ಟ ಎಚ್ಚರಿಕೆಯ ಗಂಟೆಯೊಂದನ್ನು ಕಾರಿನೊಳಗೆ ಇಟ್ಟೆವು.

ಐದನೆಯದು ಸೀಟ್ ಬೆಲ್ಟ್. ಹಿಂದಿನ ಆಸನಕ್ಕೂ ಬೆಲ್ಟ್ ಹಾಕಿಸಿದೆವು. ಹಳೆಯ ಕಾರಿನ ಸೊಗಸು ಇದರಿಂದ ಕೆಡುತ್ತದೆ ಎನ್ನುವವರು ಇದ್ದಾರೆ. ನಮಗೆ ಹಾಗೆ ಅನ್ನಿಸಲಿಲ್ಲ.

'ಎಚ್' ಅಕ್ಷರದ ಮರ್ಯಾದೆ

ಜರ್ಮನಿಯ ರಸ್ತೆಗಳಲ್ಲಿ ಕೆಲವು ಕಾರುಗಳ ನಂಬರಿನ ಕೊನೆಯಲ್ಲಿ 'ಎಚ್' ಎಂಬ ಅಕ್ಷರ ಇರುವುದನ್ನು ನೀವು ಗಮನಿಸಿರಬಹುದು. ಅದು 'ಹಿಸ್ಟೋರಿಶ್', ಅಂದರೆ ಐತಿಹಾಸಿಕ ಎಂಬುದರ ಗುರುತು. 1997ರಲ್ಲಿ ಈ ವ್ಯವಸ್ಥೆ ಬಂತು. ಮೊದಲು ನೋಂದಣಿಯಾಗಿ ಕನಿಷ್ಠ 30 ವರ್ಷ ಆಗಿರಬೇಕು, ಕಾರು ಮೂಲ ರೂಪದಲ್ಲಿ ಮತ್ತು ಒಳ್ಳೆಯ ಸ್ಥಿತಿಯಲ್ಲಿ ಇರಬೇಕು. ಅಧಿಕೃತ ಪರೀಕ್ಷಕರು ನೋಡಿ ಒಪ್ಪಬೇಕು. ಒಪ್ಪಿದರೆ ವರ್ಷಕ್ಕೆ 191.73 ಯೂರೋ ಎಂಬ ಒಂದೇ ದರದ ತೆರಿಗೆ. ಹೊಗೆ ನಿರ್ಬಂಧವಿರುವ ನಗರ ವಲಯಗಳಿಗೂ ಹೋಗಬಹುದು.

ಇದರ ಹಿಂದಿನ ವಿಚಾರ ನಮಗೆ ಬಹಳ ಇಷ್ಟವಾಯಿತು. ಕಾರು ಒಬ್ಬರ ಆಸ್ತಿಯಾದರೂ, ಅದನ್ನು ಸಾಂಸ್ಕೃತಿಕ ಪರಂಪರೆಯ ಒಂದು ತುಣುಕು ಎಂದು ಈ ದೇಶ ನೋಡುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮಕ್ಕಳು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿ ಬೆರಗಾಗಿದ್ದರು. ಅಲ್ಲಿ ನಿಂತು ನೋಡುವ ಕಾರುಗಳಿಗೂ ಅವುಗಳದೇ ಬೆಲೆಯಿದೆ. ಆದರೆ 'ಎಚ್' ಫಲಕದ ಕಾರು ರಸ್ತೆಯ ಮೇಲೆ, ಬಸ್ಸು ಲಾರಿಗಳ ನಡುವೆ ಓಡಬೇಕಾದ ಪರಂಪರೆ. ಅದಕ್ಕಾಗಿ ಎರಡು ವರ್ಷಕ್ಕೊಮ್ಮೆ ಉಳಿದ ಕಾರುಗಳಂತೆ ಇದಕ್ಕೂ ಪರೀಕ್ಷೆ ಉಂಟು. ನಮ್ಮ ಕಾರು ಪಾಸಾಯಿತು. ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕಿಂತ ಹೆಚ್ಚು ಪೇಡೆ ಅಂದು ಹಂಚಿದೆವು ಎಂದರೆ ಮಕ್ಕಳು ಬೇಸರ ಮಾಡಿಕೊಳ್ಳಬಾರದು.

ಅಂಬೆಗಾಲಿನ ಓಟಗಳು

ಮಗು ನಿಂತ ದಿನವೇ ಓಡುವುದಿಲ್ಲ. ಕಾರಿಗೂ ಅಷ್ಟೆ. ಮೊದಲು 5 ಕಿಲೋಮೀಟರ್, ಆಮೇಲೆ 20, ಆಮೇಲೆ 50. ಪ್ರತಿ ಓಟದ ನಂತರ ನಾವು ಮಾಡುತ್ತಿದ್ದ ತಪಾಸಣೆ ಇದು.

ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಡುವುದು. ಬೆಳಗ್ಗೆ ರಟ್ಟಿನ ಮೇಲೆ ಎಲ್ಲಿ ಹನಿ ಬಿದ್ದಿದೆ, ಅದು ಎಣ್ಣೆಯೋ ಬ್ರೇಕ್ ದ್ರವವೋ ಪೆಟ್ರೋಲೋ ಎಂದು ನೋಡುವುದು. ಓಟ ಮುಗಿದ ಕೂಡಲೇ ನಾಲ್ಕು ಚಕ್ರಗಳ ನಡುಭಾಗದ ಹತ್ತಿರ ಅಂಗೈ ಹಿಡಿಯುವುದು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ ಎಂದು ಅರ್ಥ. ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುವುದು. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ, ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಪೆಟ್ರೋಲ್ ಕಡಿಮೆಯಾಗಿ ಶಾಖ ಹೆಚ್ಚು. ವೈದ್ಯರು ನಾಲಿಗೆ ನೋಡಿದಂತೆಯೇ ಇದು.

ಚಕ್ರದ ಬೋಲ್ಟ್‌ಗಳನ್ನು 50 ಕಿಲೋಮೀಟರ್ ನಂತರ ಮತ್ತೆ ಬಿಗಿದು ನೋಡಬೇಕು. ಹೊಸ ಬಣ್ಣದ ಪದರ ಒತ್ತಿಹೋಗಿ ಅವು ಸ್ವಲ್ಪ ಸಡಿಲವಾಗುವುದುಂಟು. ನಮ್ಮ ಕಾರಿನಲ್ಲೂ ಎರಡು ಬೋಲ್ಟ್ ಕಾಲು ಸುತ್ತು ತಿರುಗಿದವು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕವಾಟಗಳ ಅಂತರವನ್ನು 0.15 ಮಿಲಿಮೀಟರಿಗೆ ಸರಿಪಡಿಸಬೇಕು. ಎಂಜಿನ್ ಎಣ್ಣೆ ಕೇವಲ ಎರಡೂವರೆ ಲೀಟರ್. ಈ ಎಂಜಿನ್ನಿಗೆ ಕಾಗದದ ಎಣ್ಣೆ ಸೋಸುಕ ಇಲ್ಲ, ಒಂದು ಜಾಲರಿ ಮಾತ್ರ ಇದೆ. ಆದ್ದರಿಂದ ಹೊಸದಾಗಿ ಜೋಡಿಸಿದ ಎಂಜಿನ್ನಿನ ಮೊದಲ ಎಣ್ಣೆಯನ್ನು ಬೇಗ ಬದಲಿಸುವುದು ಕ್ಷೇಮ.

ಎಲ್ಲಕ್ಕಿಂತ ಮುಖ್ಯ, ಒಂದು ಬೆಲ್ಟ್. ಬ್ಯಾಟರಿಗೆ ವಿದ್ಯುತ್ ಕೊಡುವ ಡೈನಮೋವನ್ನೂ ಎಂಜಿನ್ ತಣಿಸುವ ಫ್ಯಾನನ್ನೂ ತಿರುಗಿಸುವುದು ಈ ಒಂದೇ ಬೆಲ್ಟ್. ಇದು ತುಂಡಾದರೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಬೇರೆ ಕಾರಿನಲ್ಲಾದರೆ 'ಬ್ಯಾಟರಿ ದೀಪ ತಾನೇ, ಮನೆಗೆ ಹೋಗಿ ನೋಡೋಣ' ಎನ್ನಬಹುದು. ಬೀಟಲ್‌ನಲ್ಲಿ ತಕ್ಷಣ ನಿಲ್ಲಿಸದಿದ್ದರೆ ಗಾಳಿ ಸಿಗದೆ ಎಂಜಿನ್ನೇ ಸುಟ್ಟುಹೋಗುತ್ತದೆ. ಒಂದು ಹೆಚ್ಚುವರಿ ಬೆಲ್ಟ್ ಸದಾ ಜೊತೆಗಿರಬೇಕು.

1888ರ ದಾರಿ

ಮೊದಲ ದೂರಪ್ರಯಾಣ ಎಲ್ಲಿಗೆ ಎಂಬ ಪ್ರಶ್ನೆಗೆ ನಾವಿರುವ ಜಾಗವೇ ಉತ್ತರ ಕೊಟ್ಟಿತು. ಏಕೆಂದರೆ ಪ್ರಪಂಚದಲ್ಲೇ ಮೊಟ್ಟಮೊದಲ ಬಾರಿಗೆ ಕಾರೊಂದು ದೂರಪ್ರಯಾಣ ಮಾಡಿದ್ದು ನಮ್ಮ ಮನೆಗಳ ಮುಂದಿನ ರಸ್ತೆಗಳಲ್ಲಿಯೇ!

ಮಾನ್‌ಹೈಮ್‌ನ ಕಾರ್ಲ್ ಬೆನ್ಜ್ 1886ರ ಜನವರಿ 29ರಂದು ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಗಾಡಿ ಓಡುತ್ತಿತ್ತು, ಆದರೆ ಕೊಳ್ಳುವವರಿಗೆ ನಂಬಿಕೆ ಇರಲಿಲ್ಲ. ಅವರ ಪತ್ನಿ ಬೆರ್ತಾ ಬೆನ್ಜ್ ಮದುವೆಗೆ ಮೊದಲೇ ತಮ್ಮ ವರದಕ್ಷಿಣೆಯ ಹಣವನ್ನು ಕಾರ್ಲ್‌ರ ಉದ್ಯಮಕ್ಕೆ ಕೊಟ್ಟಿದ್ದವರು. 1888ರ ಆಗಸ್ಟ್‌ನಲ್ಲಿ ಅವರು ಗಂಡನಿಗೆ ಹೇಳದೆ, 15 ವರ್ಷದ ಓಯ್ಗೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತಮ್ಮ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ದೂರ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ದಾರಿಯಲ್ಲಿ ಏನೇನಾಯಿತು ನೋಡಿ. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡರು. ಆ ಅಂಗಡಿ ಹೀಗೆ ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಎನ್ನಿಸಿಕೊಂಡಿತು. ಇಂಧನ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ವಿದ್ಯುತ್ ತಂತಿ ಉಜ್ಜಿ ಬೆತ್ತಲಾದಾಗ ಕಾಲುಚೀಲದ ಪಟ್ಟಿ ಸುತ್ತಿದರು. ಬ್ರೇಕಿನ ಮರದ ತುಂಡು ಸವೆದಾಗ ಚಪ್ಪಲಿ ಹೊಲಿಯುವವರಿಂದ ಅದಕ್ಕೆ ಚರ್ಮ ಹೊಡೆಸಿದರು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಊರು ಸೇರಿ ಗಂಡನಿಗೆ ತಂತಿ ಕಳಿಸಿದರು. ಕೆಲವು ದಿನಗಳ ನಂತರ ಗಾಡಿ ಓಡಿಸಿಕೊಂಡೇ ಮರಳಿದರು. ಏರುಗಳಿಗಾಗಿ ಇನ್ನೊಂದು ಗೇರ್ ಬೇಕು ಎಂದು ಅವರು ಹೇಳಿದ ಮೇಲೆ ಕಾರ್ಲ್ ಅದನ್ನು ಸೇರಿಸಿದರು.

ಗಮನಿಸಿ, ಪೇಟೆಂಟ್ ಕಚೇರಿ ಒಪ್ಪಿದ ಗಾಡಿ ಅದು. ಆದರೂ ಬ್ರೇಕಿಗೆ ಚರ್ಮ ಬೇಕು, ಏರಿಗೆ ಗೇರ್ ಬೇಕು ಎಂದು ಹೇಳಿದ್ದು ಕಚೇರಿಯಲ್ಲ, ರಸ್ತೆ. ಆ ರಸ್ತೆಯ ಮಾತನ್ನು ಕೇಳಿಸಿಕೊಂಡು ಬಂದವರು ಒಬ್ಬ ತಾಯಿ. ಈಗ ಆ ದಾರಿಗೆ 'ಬೆರ್ತಾ ಬೆನ್ಜ್ ಸ್ಮಾರಕ ಮಾರ್ಗ' ಎಂಬ ಹೆಸರಿದೆ. 2008ರಲ್ಲಿ ಮನ್ನಣೆ ದೊರೆತ ಈ ಮಾರ್ಗ ಹೋಗಿಬರಲು ಒಟ್ಟು 194 ಕಿಲೋಮೀಟರ್.

ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ

2024ರ ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟೆವು. ಕಾರಿನಲ್ಲಿ ಇಬ್ಬರೇ. ಮಕ್ಕಳು ಹಿಂದಿನ ಕಾರಿನಲ್ಲಿ. ಹೋಗಿಬರುವ ಪೂರ್ತಿ ಸುತ್ತು ಮುಗಿಯುವವರೆಗೆ ಮಕ್ಕಳನ್ನಾಗಲಿ ಅಜ್ಜಿಯನ್ನಾಗಲಿ ಕೂರಿಸುವುದಿಲ್ಲ ಎಂಬುದು ನಮ್ಮ ನಿಯಮ. ಮಕ್ಕಳು ಎಷ್ಟು ಅತ್ತರೂ ಈ ನಿಯಮ ಮುರಿಯಲಿಲ್ಲ.

ಲಾಡೆನ್‌ಬುರ್ಗ್, ಹೈಡೆಲ್‌ಬರ್ಗ್ ದಾಟಿ ವೀಸ್‌ಲೋಖ್ ತಲುಪುವವರೆಗೆ ಕಾರು ಹೂವಿನಂತೆ ಓಡಿತು. ಔಷಧಿ ಅಂಗಡಿಯ ಮುಂದಿರುವ ಸ್ಮಾರಕದ ಬಳಿ ಚಿತ್ರ ತೆಗೆದು, ಚಕ್ರ ಮುಟ್ಟಿ, ಎಣ್ಣೆ ನೋಡಿ ಮುಂದೆ ಹೊರಟೆವು. ಬ್ರುಖ್ಸಾಲ್ ಹತ್ತಿರ ತುಂತುರು ಮಳೆ ಬಂತು. ಗಾಜಿನ ಕೆಳಗಿನ ಬಲಮೂಲೆಯಿಂದ ಒಂದು ಹನಿ, ಮತ್ತೊಂದು ಹನಿ ಒಳಗೆ ಇಳಿಯಿತು. ಗ್ಯಾರೇಜಿನಲ್ಲಿ ಪೈಪಿನಿಂದ ನೀರು ಹಾಯಿಸಿ ನೋಡಿದಾಗ ಬಾರದ ಹನಿ! ನಿಂತ ಕಾರಿನ ಮೇಲೆ ಬೀಳುವ ನೀರು ಬೇರೆ, 70 ಕಿಲೋಮೀಟರ್ ವೇಗದಲ್ಲಿ ಗಾಳಿ ನೂಕುವ ನೀರು ಬೇರೆ. ಪುಸ್ತಕದಲ್ಲಿ ಬರೆದುಕೊಂಡೆವು.

ಬ್ರುಖ್ಸಾಲ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಕೆಮ್ಮತೊಡಗಿತು. ಒಂದು ಕ್ಷಣ ಓಟ, ಒಂದು ಕ್ಷಣ ಮುಗ್ಗರಿಕೆ. ಬದಿಗೆ ನಿಲ್ಲಿಸಿದೆವು. ಪೆಟ್ರೋಲ್ ಬರುತ್ತಿದೆ, ಬೆಲ್ಟ್ ಸರಿಯಿದೆ. ಹತ್ತು ನಿಮಿಷ ಬಿಟ್ಟು ಶುರು ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಐದು ಕಿಲೋಮೀಟರ್ ಆದ ಮೇಲೆ ಮತ್ತೆ ಕೆಮ್ಮು.

ಆಗ ನಮ್ಮಲ್ಲೊಬ್ಬರು ಶಿವಮೊಗ್ಗದಲ್ಲಿರುವ ತಮ್ಮ ತಂದೆಗೆ ಫೋನ್ ಮಾಡಿದರು. ಅವರು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಎರಡನ್ನೂ ಮೂವತ್ತು ವರ್ಷ ಓಡಿಸಿದವರು. ಬೀಟಲ್ ಒಳಗೆ ಎಂದೂ ಕೂತವರಲ್ಲ. ವಿಷಯ ಕೇಳಿ ಒಂದೇ ಮಾತು ಕೇಳಿದರು: 'ತಣ್ಣಗಿದ್ದಾಗ ಸರಿ, ಬಿಸಿ ಆದ ಮೇಲೆ ಕೆಮ್ಮು ಅಲ್ವಾ? ಹಾಗಾದ್ರೆ ಕಂಡೆನ್ಸರ್ ನೋಡಿ.'

ಕಂಡೆನ್ಸರ್ ಎಂದರೇನು? ಹಳೆಯ ಕಾರುಗಳಲ್ಲಿ ಕಿಡಿ ಹುಟ್ಟಿಸಲು ಎರಡು ಲೋಹದ ತುದಿಗಳು ಕೂಡಿ ಬಿಡುತ್ತಿರುತ್ತವೆ. ಇವಕ್ಕೆ ಪಾಯಿಂಟ್ ಎನ್ನುತ್ತಾರೆ. ಬಿಡುವಾಗಿನ ಅಂತರ 0.4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಬಿಡುವ ಕ್ಷಣದಲ್ಲಿ ಅಲ್ಲೇ ಕಿಡಿ ಹಾರಿ ವಿದ್ಯುತ್ ಪೋಲಾಗದಂತೆ ಹೀರಿಕೊಳ್ಳುವ ಪುಟ್ಟ ಡಬ್ಬಿಯೇ ಕಂಡೆನ್ಸರ್. ಅದರೊಳಗಿನ ಹೊದಿಕೆ ದುರ್ಬಲವಾಗಿದ್ದರೆ ಬಿಸಿಯಾದಾಗ ಸೋರುತ್ತದೆ, ತಣ್ಣಗಾದಾಗ ಸುಮ್ಮನಾಗುತ್ತದೆ. ನಮ್ಮದು ಹೊಚ್ಚಹೊಸ ಕಂಡೆನ್ಸರ್! ಆದರೆ ಬಿಚ್ಚಿದ ಹಳೆಯ ಭಾಗಗಳನ್ನು ನಾವು ಎಸೆದಿರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೆಯ ಕಂಡೆನ್ಸರ್ ಹಾಕಿದೆವು. ಒಂದು ಸ್ಕ್ರೂ, ಒಂದು ತಂತಿ, ಹದಿನೈದು ನಿಮಿಷದ ಕೆಲಸ. ಅಲ್ಲಿಂದ ಮುಂದೆ ಕೆಮ್ಮು ಬರಲಿಲ್ಲ.

ಈ ದೋಷ ಗ್ಯಾರೇಜಿನಲ್ಲಿ ಎಂದೂ ಕಾಣುತ್ತಿರಲಿಲ್ಲ. ಒಂದು ಗಂಟೆ ಬಿಡದೆ ಓಡಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಾತ್ರ ಕಾಣುವ ದೋಷ ಅದು. ನಮ್ಮ 50 ಕಿಲೋಮೀಟರ್ ಓಟವೂ ಅದನ್ನು ಹೊರಗೆಡವಲಿಲ್ಲ. ದೂರಪ್ರಯಾಣವೇ ಬೇಕಾಯಿತು.

ಫೋರ್ಟ್ಸ್‌ಹೈಮ್ ಹತ್ತಿರವಾದಂತೆ ಏರುಗಳು ಬಂದವು. ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಜಿನ್ ತಣಿಸುವ ಫ್ಯಾನ್ ಎಂಜಿನ್ ಜೊತೆಗೇ ತಿರುಗುತ್ತದೆ. ಏರಿನಲ್ಲಿ ನಾಲ್ಕನೆಯ ಗೇರಿನಲ್ಲೇ ಒದ್ದಾಡಿಸಿದರೆ ಎಂಜಿನ್ನಿಗೆ ಶ್ರಮ ಹೆಚ್ಚು, ಗಾಳಿ ಕಡಿಮೆ. ಮೂರನೆಯ ಗೇರಿಗೆ ಇಳಿಸಿದರೆ ಸದ್ದು ಹೆಚ್ಚಾದರೂ ಫ್ಯಾನ್ ಜೋರಾಗಿ ತಿರುಗಿ ಎಂಜಿನ್ ತಂಪಾಗಿರುತ್ತದೆ. ಬೆರ್ತಾ ಅವರ ಮಕ್ಕಳು ಗಾಡಿ ತಳ್ಳಬೇಕಾಯಿತು. ಅವರು ಕೇಳಿ ಪಡೆದ ಏರಿನ ಗೇರಿನಿಂದಾಗಿ ನಾವು ಕೂತೇ ಹತ್ತಿದೆವು.

ಫೋರ್ಟ್ಸ್‌ಹೈಮ್‌ನಲ್ಲಿ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಮೊಸರನ್ನ ಮುಗಿಸಿ, ಬೌಷ್‌ಲೋಟ್, ಬ್ರೆಟ್ಟೆನ್ ಮೂಲಕ ಸಂಜೆಗೆ ಮರಳಿದೆವು. ಪೆಟ್ರೋಲ್ ಲೆಕ್ಕ ಹಾಕಿದರೆ 100 ಕಿಲೋಮೀಟರಿಗೆ ಸುಮಾರು 9 ಲೀಟರ್ ಕುಡಿದಿತ್ತು.

ಪಟ್ಟಿ ಮುಗಿಸಿದ ಮೇಲೆ

ನಮ್ಮ ಪುಸ್ತಕದಲ್ಲಿ ಒಟ್ಟು 11 ಅಂಶಗಳಿದ್ದವು: ಗಾಜಿನ ಮೂಲೆಯ ರಬ್ಬರ್, ಕಂಡೆನ್ಸರ್, ಇನ್ನೊಮ್ಮೆ ಬ್ರೇಕ್ ಹೊಂದಾಣಿಕೆ, ವೇಗಸೂಚಿಯ ಮುಳ್ಳಿನ ನಡುಕ, ಎಡಬಾಗಿಲಿನ ಕಿರುಗುಟ್ಟುವಿಕೆ ಹೀಗೆ. ಎಲ್ಲವನ್ನೂ ಮುಗಿಸಲು ಮೂರು ಶನಿವಾರ ಬೇಕಾಯಿತು. ನಾಲ್ಕನೆಯ ಶನಿವಾರ ಅಜ್ಜಿಯನ್ನು ಕೂರಿಸಿಕೊಂಡು ಲಾಡೆನ್‌ಬುರ್ಗ್‌ಗೆ ಹೋಗಿಬಂದೆವು. ಬೆರ್ತಾ ಬೆನ್ಜ್ ತಮ್ಮ ಕೊನೆಯ ದಿನಗಳನ್ನು ಕಳೆದ ಊರು ಅದು. ಅಜ್ಜಿ ಹೆಚ್ಚು ಮಾತನಾಡಲಿಲ್ಲ. ಬಾಗಿಲು ಹಾಕುವಾಗ ಮಾತ್ರ, 'ಸದ್ದು ಅದೇ' ಎಂದರು. ಅದಾದ ಮೇಲೆ ಮಕ್ಕಳ ಸರದಿ.

ಹಳೆಯ ಕಾರು ಎಬ್ಬಿಸುವ ಆಸೆ ಇರುವವರಿಗೆ ನಮ್ಮ ಸಲಹೆ ಇಷ್ಟು. ಹೊಳಪಿಗೆ ಮೊದಲು ಬ್ರೇಕ್, ಪೆಟ್ರೋಲ್ ಕೊಳವೆ, ಟೈರ್ ನೋಡಿ. ಚಿಕ್ಕ ಓಟಗಳನ್ನು ಬಿಡಬೇಡಿ. ಬಿಚ್ಚಿದ ಹಳೆಯ ಭಾಗವನ್ನು ಕೂಡಲೇ ಎಸೆಯಬೇಡಿ. ದೂರಪ್ರಯಾಣದಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಜೊತೆಗಿರಲಿ. ರಸ್ತೆ ಹೇಳುವ ದೋಷಗಳನ್ನು ಅವಮಾನ ಎಂದು ತಿಳಿಯಬೇಡಿ, ಅವು ಬಾಕಿ ಉಳಿದ ಕೆಲಸದ ವಿವರ ಅಷ್ಟೆ.

ಇನ್ನು ಮಕ್ಕಳಿಗೆ ಒಂದು ಮಾತು. ಅಂದು ರಸ್ತೆ ಬದಿಯಲ್ಲಿ ನಿಂತಿದ್ದ ಜರ್ಮನ್ ಕಾರಿನ ರೋಗವನ್ನು ಪತ್ತೆ ಮಾಡಿದ್ದು ಶಿವಮೊಗ್ಗದ ಒಬ್ಬ ತಾತ, ಅದೂ ಕನ್ನಡದಲ್ಲಿ. ಅವರ ಮಾತು ನಿಮಗೆ ಅರ್ಥವಾಯಿತು, ನೀವೇ ಓಡಿಹೋಗಿ ಬಿಸ್ಕತ್ತಿನ ಡಬ್ಬಿ ತಂದಿರಿ. ತರಗತಿಯಲ್ಲಿ ಕಲಿಯುವ ಕನ್ನಡವೂ ಈ ಕಾರಿನ ಹಾಗೆಯೇ. ಒಳಗೆ ಇಟ್ಟು ಒರೆಸಿದರೆ ಹೊಳೆಯುತ್ತದೆ ನಿಜ, ಆದರೆ ಹೊರಗೆ ತೆಗೆದು ಬಳಸಿದಾಗಲೇ ಅದು ನಿಮ್ಮದಾಗುತ್ತದೆ. ನಡುವೆ ಒಂದೆರಡು ಸಲ ಕೆಮ್ಮಿದರೆ ನಾಚಿಕೆ ಬೇಡ. ಅಜ್ಜ ಅಜ್ಜಿಗೆ ಒಂದು ಫೋನ್ ಮಾಡಿ, ಸರಿಹೋಗುತ್ತದೆ.